ಪ್ರಾಣಿಪ್ರಪಂಚ: ಗ್ನೂ ಮೃಗವೂ ದನದ ಬೇನೆಯೂ

ಹುಲ್ಲೆಯನ್ನೂ ಜಿಂಕೆಯೆಂದೇ ಕರೆಯುವ ವಾಡಿಕೆ ನಮ್ಮಲ್ಲಿ ಉಂಟು. ಆದರೆ ಜಿಂಕೆಯ ಕವಲುಗೊಂಬು ವರ್ಷವರ್ಷವೂ ಉದುರಿ ಹೊಸದಾಗಿ ಬರುವುದು. ಹುಲ್ಲೆಯ ಕೊಂಬಾದರೋ ಒಮ್ಮೆ ಮೂಡಿದುದು ಕಡೆಯವರೆಗೂ ನಿಲ್ಲುವುದು. ಹುಲ್ಲೆಗಳು ಆಕಳು, ಎಮ್ಮೆ, ಮೇಕೆಗಳ ಬಳಗದವು. ರಾಣೆಬೆನ್ನೂರಿನ ಬಯಲಿನ ಕೃಷ್ಣಮೃಗವೂ ಇದೇ ಬಳಗದ್ದು. ನೆಂಟಸ್ತಿಕೆಯಿದ್ದಲ್ಲಿ ಬೇನೆಯೂ ಹಂಚಿಕೆಯಾಗುವುದುಂಟು. ಆಫ್ರಿಕದ ಒಂದು ಹುಲ್ಲೆಗೆ ಇದರಿಂದ ಒದಗಿದ ಕೇಡನ್ನೂ ಮೇಲನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಟಾಂಜಾನಿಯ ದೇಶದ ಉತ್ತರಭಾಗದಲ್ಲಿ ಸೆರೆಂಗೆಟಿಯೆಂಬ ಮಹಾಬಯಲಿದೆ. ದನಕಾಯುವ ಮಸಾಯಿ ಜನರ ಭಾಷೆಯಿಂದ ಬಂದ ಈ ಹೆಸರಿಗೆ ಕೊನೆಯಿಲ್ಲದ ಬಯಲೆಂದು ಅರ್ಥ ಹೇಳುವರು. ಅಲ್ಲಿಯ ಮುಖ್ಯ ನಿವಾಸಿಯೇ ಗ್ನೂ. ವಿಲ್ಡೆಬೀಸ್ಟ್ ಎಂಬುದೂ ಇದರ ಹೆಸರೇ. ಮುಖ ಎತ್ತಿನದು, ಬಾಲ ಕುದುರೆಯದು, ಕಾಲು ಮಾತ್ರ ಹುಲ್ಲೆಯದು. ಬ್ರಹ್ಮನು ಮಿಕ್ಕ ತುಂಡುಗಳನ್ನು ಸೇರಿಸಿ ಮಾಡಿದನೋ ಎಂಬಂತಿರುವುದು. ಬಯಲಿನ ಆಗ್ನೇಯ ಭಾಗದ ಮಣ್ಣು ಜ್ವಾಲಾಮುಖಿಗಳ ಬೂದಿಯಿಂದಾದುದು. ಕೆಳಗೆ ಗಟ್ಟಿಪದರವಿರುವುದರಿಂದ ಮರಗಳು ಬೇರೂರವು. ಆದರೆ ಅಲ್ಲಿಯ ಗಿಡ್ಡ ಹುಲ್ಲಿನಲ್ಲಿ ಹಾಲೂಡುವ ತಾಯಿಗೆ ಬೇಕಾದ ಸುಣ್ಣ ರಂಜಕಾದಿ ಸಾರಗಳು ಹೇರಳವಾಗಿವೆ. ಜನವರಿಯಿಂದ ಮಾರ್ಚಿಯೊಳಗೆ ಗ್ನೂಗಳು ಅಲ್ಲಿ ಈಯುವುವು. ಬಹುಪಾಲು ಕರುಗಳು ಎರಡು ಮೂರು ವಾರಗಳಲ್ಲಿಯೇ ಹುಟ್ಟಿಬಿಡುವುದರಿಂದ ಕತ್ತೆಕಿರುಬಗಳು ಎಷ್ಟು ತಿಂದರೂ ಮಿಕ್ಕವೇ ಹೆಚ್ಚು. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕರು ಎದ್ದು ನಿಂತು ತಾಯಿಯ ಹಿಂದೆ ಓಡುವುದು. ಮಳೆ ನಿಂತೊಡನೆ ಹಿಂಡೆಲ್ಲವೂ ಪಡುವಣಕ್ಕೂ, ಬಳಿಕ ಬಡಗಣಕ್ಕೂ ನಡೆದು ಮಾರಾ ನದಿಯನ್ನು ದಾಟಿ ಕೀನ್ಯದ ಹುಲ್ಲಿಗೆ ಹೋಗಿ, ಮಳೆಯೊಡನೆ ಹಿಂದಿರುಗುವುವು. ಎತ್ತರದ ಒರಟು ಹುಲ್ಲನ್ನು ಜೀಬ್ರಾಗಳು ಮೊದಲು ಮೇಯುವುವು. ಎಲೆ ಗ್ನೂವಿನ ಪಾಲು. ಕಡೆಗೆ ನೆಲದಲ್ಲುಳಿದ ಚಿಗುರು ಥಾಮ್ಸನ್ ಗೆಜೆಲ್ ಎಂಬ ಪುಟ್ಟ ಹುಲ್ಲೆಗೆ.

ಇಂತಹ ನೆಲಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದನಗಳ ದೊಡ್ಡರೋಗವು ಹೊಕ್ಕಿತು. ಪಶುವೈದ್ಯರು ರಿಂಡರ್‌ಪೆಸ್ಟ್ ಎನ್ನುವುದು ಇದನ್ನೇ. ನಮ್ಮ ಹಿರಿಯರ ಕೊಟ್ಟಿಗೆಗಳನ್ನೂ ಬರಿದುಮಾಡಿದ ಮಾರಿಯಿದು. ಸುಮಾರು 1887ರಲ್ಲಿ ಎರಿಟ್ರಿಯದ ಕಡೆ ಕಾಣಿಸಿಕೊಂಡು, ಹತ್ತು ವರ್ಷದೊಳಗೆ ಖಂಡದ ದಕ್ಷಿಣದ ತುದಿಯವರೆಗೂ ಹಬ್ಬಿತು. ಇಂಡಿಯದಿಂದ ಹಡಗಿನಲ್ಲಿ ಸಾಗಿಸಿದ ದನಗಳೊಂದಿಗೆ ಬಂದಿತೆಂದು ಹೇಳುವರು. ಮಸಾಯಿಗಳ ದನಗಳು ಬಹುತೇಕ ಸತ್ತುಹೋಗಿ ಜನರೂ ಹಸಿವಿಗೆ ಬಲಿಯಾದರು. ಕಾಡೆಮ್ಮೆಯೂ ಗ್ನೂವೂ ಸತ್ತುವು. ಆಮೇಲೂ ಎಪ್ಪತ್ತು ವರ್ಷಗಳಷ್ಟು ಕಾಲ, ತಾಯಿಯ ಹಾಲಿನ ರಕ್ಷಣೆ ಮುಗಿದ ಗ್ನೂ ಕರುಗಳನ್ನು ಈ ಬೇನೆ ಕೊಲ್ಲುತ್ತಲೇ ಇದ್ದಿತು.

ಇದಕ್ಕೆ ಮದ್ದು ದೊರೆತ ಬಗೆ ವಿಚಿತ್ರವಾದುದು. ಗ್ನೂಗಳಿಗೆ ಯಾರೂ ಸೂಜಿ ಹಾಕಲಿಲ್ಲ. ಸುತ್ತಲಿನ ಸಾಕುದನಗಳಿಗೆ ಹಾಕಿದರು. ದನಗಳಲ್ಲಿ ಬೇನೆ ನಿಂತೊಡನೆ 1963ರ ಹೊತ್ತಿಗೆ ಗ್ನೂಗಳಲ್ಲಿಯೂ ಅದು ಅಡಗಿತು. 1961ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಹಿಂಡು 1977ರೊಳಗೆ ಹದಿಮೂರು ಲಕ್ಷಕ್ಕೂ ಮೇಲೆ ಬೆಳೆಯಿತು. ಅಷ್ಟು ಬಾಯಿಗಳು ಮೇದ ಮೇಲೆ ಒಣಹುಲ್ಲು ಉಳಿಯುವುದೆಲ್ಲಿ? ಕಾಳ್ಗಿಚ್ಚು ಇಳಿಮುಖವಾಯಿತು. ಕಿಚ್ಚಿಗೆ ಸಿಕ್ಕಿ ಸಾಯುತ್ತಿದ್ದ ಸಸಿಗಳು ತಲೆಯೆತ್ತಿ, ಆಳವಾದ ಮಣ್ಣಿರುವೆಡೆ ಮರಗಳು ಮತ್ತೆ ಹಬ್ಬಿದುವು. ಎಲ್ಲಿಯೋ ಒಂದು ಆಕಳಿಗೆ ಹಾಕಿದ ಸೂಜಿಯಿಂದ ಬಯಲಿನಲ್ಲಿ ಮರವೆದ್ದಿತೆಂದರೆ ಕಟ್ಟುಕಥೆಯಂತೆ ತೋರಬಹುದು. ಆದರೂ ನಡೆದುದು ಹಾಗೆಯೇ. 2011ರಲ್ಲಿ ಈ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು.

ಗ್ನೂವಿನಿಂದ ದನಕ್ಕೆ ಅಂಟುವ ಬೇನೆಯೂ ಒಂದಿದೆ. ಎಳೆಗರುಗಳ ಮೂಗು ಕಣ್ಣುಗಳ ದ್ರವದಿಂದ ಹರಡುವ ಈ ಜ್ವರವು ಗ್ನೂವಿಗೆ ಏನೂ ಮಾಡದು, ಹಿಡಿದ ಆಕಳು ಮಾತ್ರ ಬದುಕುವುದು ಅಪೂರ್ವ. ಮಸಾಯಿಗಳು ಇದನ್ನು ಚೆನ್ನಾಗಿ ಬಲ್ಲರು. ಗ್ನೂ ಈಯುವ ಕಾಲದಲ್ಲಿ ಬಯಲಿನ ಒಳ್ಳೆಯ ಹುಲ್ಲನ್ನು ಬಿಟ್ಟು ದನಗಳನ್ನು ಬೇರೆಡೆಗೆ ಹೊಡೆದುಕೊಂಡು ಹೋಗುವರು.

ಬೋಟ್ಸ್ವಾನದಲ್ಲಿ ಹಿಡಿದ ಹಾದಿ ಬೇರೆ. ಕಾಲುಬಾಯಿ ಜ್ವರವು ದನಗಳಿಗೆ ತಗಲದಿರಲೆಂದು 1950ರ ದಶಕದಿಂದ ಅಲ್ಲಿ ನೂರಾರು ಮೈಲಿ ತಂತಿಬೇಲಿಗಳನ್ನು ಎಳೆದರು. ಮಳೆ ತಪ್ಪಿದಾಗ ಕಲಹಾರಿಯ ಗ್ನೂಗಳು ತಲೆತಲಾಂತರದಿಂದ ನೀರಿರುವ ಕಡೆಗೆ ನಡೆಯುತ್ತಿದ್ದುವು. 1980ರ ದಶಕದ ಬರದಲ್ಲಿ ಅವು ಬೇಲಿಯವರೆಗೆ ಬಂದು, ಮುಂದೆ ಹೋಗಲಾರದೆ ಹತ್ತಾರು ಸಾವಿರ ಸಂಖ್ಯೆಯಲ್ಲಿ ಬಾಯಾರಿ ಸತ್ತುವು. ಮಾಂಸವನ್ನು ಯೂರೋಪಿಗೆ ಮಾರುವ ದೇಶಕ್ಕೆ ದನವೇ ಜೀವನವೆಂಬುದನ್ನು ನಾವು ಅಲ್ಲಗಳೆಯೆವು. ಆದರೂ ಬೇಲಿ ಹಾಕುವವರು ಮೊದಲು ಮೃಗದ ಹಾದಿಯನ್ನು ವಿಚಾರಿಸಬೇಕಾಗಿದ್ದಿತು.

ಸೆರೆಂಗೆಟಿಯಲ್ಲಿ ಬೇಲಿಯಿಲ್ಲ. ಆದರೆ ಉತ್ತರಭಾಗದಲ್ಲಿ ಹಿಂಡುಗಳು ದಾಟುವ ಹಾದಿಗೆ ಅಡ್ಡಲಾಗಿ ಹೆದ್ದಾರಿಯನ್ನು ಮಾಡುವ ಯೋಜನೆ 2010ರಲ್ಲಿ ಹೊರಟಿತು. ಪೂರ್ವ ಆಫ್ರಿಕದ ನ್ಯಾಯಾಲಯವು 2014ರಲ್ಲಿ ಅಲ್ಲಿ ಡಾಂಬರು ರಸ್ತೆ ಕೂಡದೆಂದು ತೀರ್ಪಿತ್ತಿತು.