ಸ್ಮರಣೆ ದಾಸೋಹವಾಗಲಿ



ನಮ್ಮ ಸಮಾಜದಲ್ಲಿ ಯಾರಾದರೂ ಲಿಂಗೈಕ್ಯರಾಗಿ ವರ್ಷ ತುಂಬಿದಾಗ ಸ್ಮರಣೆ ಮಾಡುತ್ತೇವೆ. ತಿಥಿ, ಶ್ರಾದ್ಧ ನಮ್ಮದಲ್ಲ ಎಂದು ವೇದಿಕೆಯಲ್ಲಿ ಹೇಳುತ್ತೇವೆ. ಹೆಸರು ಬದಲಾಯಿತು, ಖರ್ಚು ಬದಲಾಗಲಿಲ್ಲ. ಶಾಮಿಯಾನ, ಫ್ಲೆಕ್ಸ್, ಶಾಲು, ಹಾರ, ಹೋಳಿಗೆ ಊಟ. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಈ ಹಣಕ್ಕೆ ಇನ್ನೊಂದು ದಾರಿ ಇದೆ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಹದಿನಾರನೆಯ ವಯಸ್ಸಿನಲ್ಲಿ ಲಿಂಗೈಕ್ಯಳಾದಳು. ಅವಳಿಗೆ ವರ್ಷದಲ್ಲಿ ಎಲ್ಲಕ್ಕಿಂತ ಕಷ್ಟದ ಕಾಲ ಏಪ್ರಿಲ್, ಮೇ. ಶಾಲೆ ಮುಚ್ಚಿರುತ್ತಿತ್ತು. ಓಣಿಯ ಮಕ್ಕಳು ಅಜ್ಜಿಯ ಊರಿಗೋ ಪಟ್ಟಣದ ಬೇಸಿಗೆ ಶಿಬಿರಕ್ಕೋ ಹೋಗುತ್ತಿದ್ದರು. ನಾವು ಕೇಳಿದ ಶಿಬಿರಗಳಲ್ಲೆಲ್ಲ ಒಂದೇ ಉತ್ತರ: ‘ಗಾಲಿಕುರ್ಚಿಯ ಮಗುವನ್ನು ನೋಡಿಕೊಳ್ಳುವವರು ಯಾರು?’ ಎರಡು ತಿಂಗಳು ಅವಳಿಗೆ ಕಿಟಕಿಯೇ ಲೋಕ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಮಕ್ಕಳ ಬೇಸಿಗೆ ಹೀಗೇ ಕಳೆಯುತ್ತಿರಬಹುದು, ಯೋಚಿಸಿ.

ಅವಳ ಮೊದಲ ಸ್ಮರಣೆಗೆ ನಾನೂ ನನ್ನ ಹೆಂಡತಿಯೂ ಊಟ ಹಾಕಿಸಲಿಲ್ಲ. ಬೇಸಿಗೆಯಲ್ಲಿ ಖಾಲಿ ಬಿದ್ದಿರುವ ಮಠದ ಪ್ರಸಾದ ನಿಲಯವನ್ನು ಪೂಜ್ಯರಲ್ಲಿ ಕೇಳಿ ಪಡೆದು, ಇಂಥ ಹದಿನೆಂಟು ಮಕ್ಕಳಿಗೆ ಎಂಟು ದಿನದ ಶಿಬಿರ ಮಾಡಿದೆವು.

ಹಣ ಕೂಡಿಸುವಾಗ ಹಿತೈಷಿಗಳು ಹೇಳಿದರು: ‘ಮಕ್ಕಳ ಫೋಟೊ ಹಾಕಿ, ಓದಿದವರಿಗೆ ಕಣ್ಣೀರು ಬರಬೇಕು. ಕೊಟ್ಟರೆ ಪುಣ್ಯ ಎಂದು ಬರೆಯಿರಿ.’ ನಾವು ಒಪ್ಪಲಿಲ್ಲ. ಈ ಮಕ್ಕಳಿಗೆ ಕೊಟ್ಟರೆ ಪುಣ್ಯ ಎನ್ನುವ ಬಾಯಿಯೇ ಇವರು ಹೀಗಿರುವುದು ಹಿಂದಿನ ಜನ್ಮದ ಪಾಪ ಎಂದೂ ಹೇಳುತ್ತದೆ. ಹದಿನಾರು ವರ್ಷ ಆ ಮಾತು ಕೇಳಿದವರು ನಾವು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವುದನ್ನು ಬಸವಾದಿ ಶರಣರು ಒಪ್ಪಲಿಲ್ಲ. ಜಾತಿಯ ವಿಷಯದಲ್ಲಿ ನಾವು ಹೆಮ್ಮೆಯಿಂದ ಹೇಳುವ ಈ ಮಾತನ್ನು ಅಂಗವೈಕಲ್ಯದ ವಿಷಯ ಬಂದಾಗ ಏಕೆ ಮರೆಯುತ್ತೇವೆ?

ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಹಾಗಾಗಿ ನಮ್ಮ ಮನವಿ ಪತ್ರದಲ್ಲಿ ಫೋಟೊ ಇರಲಿಲ್ಲ, ಲೆಕ್ಕ ಇತ್ತು. ಒಂದು ಅಡಿ ಎತ್ತರದ ಮೆಟ್ಟಿಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಕುಳಿತುಕೊಳ್ಳುವ ಕಮೋಡ್ ಬೇಕು. ಅಗಿಯಲಾರದ ಮಕ್ಕಳಿಗೆ ಅನ್ನ ಸಾರು ನುಣ್ಣಗೆ ಅರೆದು ಕೊಡಬೇಕು. ಫಿಟ್ಸ್ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಲು, ರಾತ್ರಿ ಪಕ್ಕದಲ್ಲಿರಲು ಪ್ರತಿ ಎರಡು ಮಕ್ಕಳಿಗೆ ಒಬ್ಬರು ಬೇಕು. ಇಷ್ಟು ಬರೆದೆವು. ಬಡಗಿಯೊಬ್ಬರು ಕೂಲಿ ಪಡೆಯದೆ ಹಲಗೆಯ ಇಳಿಜಾರು ಮಾಡಿಕೊಟ್ಟರು. ಅಕ್ಕನ ಬಳಗದವರು ಸರದಿಯಂತೆ ಅಡುಗೆಗೆ ನಿಂತರು. ಪಿಂಚಣಿದಾರರು ಒಂದು ಮಗುವಿನ ಒಂದು ದಿನದ ಖರ್ಚು ವಹಿಸಿದರು. ಹಣ ಸಾಕಾಯಿತು. ಉಳಿದದ್ದರ ಲೆಕ್ಕವನ್ನು ಶರಣ ಸಂಗಮದಲ್ಲಿ ಓದಿ ಹೇಳಿದೆವು.

ಇದು ಹೊಸ ದಾರಿಯೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರ ಗವಾಯಿಗಳೂ ಅಂಧರು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಕೊಟ್ಟ ಆ ಆಶ್ರಮಕ್ಕೆ ನಾಟಕ ಕಂಪನಿ ದುಡಿಯಿತು, ಭಕ್ತರ ತುಲಾಭಾರಗಳು ನೆರವಾದವು. ಅಲ್ಲಿ ಕಲಿತವರು ಹಾಡಿ, ನುಡಿಸಿ ಬದುಕಿದರು. ಮರುಕ ಹುಟ್ಟಿಸಿ ಅಲ್ಲ, ಕಾಯಕದಿಂದ ನಾಡಿನ ಗೌರವ ಗಳಿಸಿದರು.

ಆದ್ದರಿಂದ ನನ್ನ ವಿನಂತಿ ಇಷ್ಟು. ಪ್ರಸಾದ ನಿಲಯ ಇರುವ ಪ್ರತಿ ಮಠ ಬೇಸಿಗೆಯಲ್ಲಿ ಒಂದು ವಾರವನ್ನು ಈ ಮಕ್ಕಳಿಗೆ ಮೀಸಲಿಡಲಿ. ಮನೆಯಲ್ಲಿ ಸ್ಮರಣೆ ಇರುವವರು ಆ ಖರ್ಚಿನ ಅರ್ಧವನ್ನಾದರೂ ಅದಕ್ಕೆ ಕೊಡಲಿ. ಒಂದೇ ವರ್ಷ ದೊಡ್ಡ ಮೊತ್ತ ಕೊಟ್ಟು ಮರೆಯುವುದಕ್ಕಿಂತ ಪ್ರತಿ ವರ್ಷ ಸ್ವಲ್ಪ ಕೊಡುವುದು ಲೇಸು, ಏಕೆಂದರೆ ಬೇಸಿಗೆ ಪ್ರತಿ ವರ್ಷ ಬರುತ್ತದೆ. ಹಣ 80ಜಿ ನೋಂದಣಿ ಇರುವ ಟ್ರಸ್ಟಿನ ಮೂಲಕ ಬರಲಿ, ಪ್ರತಿ ರೂಪಾಯಿಗೂ ರಸೀದಿ ಇರಲಿ. 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ರಿಯಾಯಿತಿ ಇಲ್ಲ, ಅಂಥ ಮೊತ್ತ ಬ್ಯಾಂಕಿನ ಮೂಲಕವೇ ಬರಲಿ. ಲಿಂಗೈಕ್ಯರ ಹೆಸರು ರಸೀದಿಯಲ್ಲಿದ್ದರೆ ಸಾಕು, ಮಕ್ಕಳ ಅಂಗಿಯ ಮೇಲೆ ಬೇಡ.

ಶಿಬಿರದ ಮೂರನೆಯ ದಿನ ತಾಯಿಯೊಬ್ಬರು ಬಂದು, ಮಗ ಹುಟ್ಟಿದ ಮೇಲೆ ಎರಡು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದು ಇದೇ ಮೊದಲು ಎಂದರು. ಯಾವ ಹೋಳಿಗೆ ಊಟದಿಂದ ಇದು ಆದೀತು? ಮುಂದಿನ ಏಪ್ರಿಲ್‌ಗೆ ಇನ್ನೂ ಸಮಯವಿದೆ. ನಿಮ್ಮ ಊರಿನ ಪೂಜ್ಯರಲ್ಲಿ ಇಂದೇ ವಿಚಾರಿಸಿ.