ತೊಟ್ಟಿಲೂ ತ್ರಿಪದಿಯೂ

ಮಗು ಹುಟ್ಟಿದೊಡನೆ ವೀಣೆಗೆ ಗವಸು ಬೀಳುತ್ತದೆ. ಹಾಡುತ್ತಲೋ ಬರೆಯುತ್ತಲೋ ಇದ್ದ ಹೆಣ್ಣುಮಗಳು ‘ಇನ್ನು ಅದೆಲ್ಲ ಮುಗಿಯಿತು’ ಎನ್ನುತ್ತಾಳೆ. ಸುತ್ತಲಿನವರು ಅದನ್ನು ತಾಯ್ತನದ ಲಕ್ಷಣವೆಂದು ಮೆಚ್ಚುವುದೂ ಉಂಟು. ಈ ಮೆಚ್ಚುಗೆ ಸಲ್ಲದು.

ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನವನ್ನೊಮ್ಮೆ ತೆರೆದು ನೋಡಬೇಕು. ಬೀಸುವ ಕಲ್ಲಿನ ಮುಂದೆ ಕುಳಿತು, ತೊಟ್ಟಿಲು ತೂಗುತ್ತ ತ್ರಿಪದಿ ಕಟ್ಟಿದವರು ಮಕ್ಕಳೊಂದಿಗರು. ಕೂಸಿನ ಅಳು, ನಗು, ಹಟಗಳು ಅವರ ಕವಿತೆಗೆ ಅಡ್ಡಿಯಾಗಲಿಲ್ಲ, ವಸ್ತುವಾದವು. ಆದರೆ ಮೂರು ಸಾಲು ಮುಗಿಯುವಷ್ಟರಲ್ಲಿ ಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕಬೇಕಾಗುತ್ತಿತ್ತು. ದಿನಕ್ಕೊಂದು ತಾಸು ಬಿಡುವಿದ್ದಿದ್ದರೆ ಆ ತಾಯಂದಿರು ಮೂರೇ ಸಾಲಿಗೆ ನಿಲ್ಲುತ್ತಿದ್ದರೆ? ಅವರ ಹೆಸರುಗಳೂ ನಮಗೆ ಉಳಿದಿಲ್ಲ.

ಬಿಡುವು ದೊರೆತಲ್ಲಿ ಫಲವೂ ಕಂಡಿದೆ. ಡಾ. ಅನುಪಮಾ ನಿರಂಜನ (1934–1991) ಅವರು ವೈದ್ಯವೃತ್ತಿ, ಮಕ್ಕಳ ಲಾಲನೆ, ಕಾದಂಬರಿಗಳ ರಚನೆ ಇವುಗಳ ನಡುವೆಯೇ ಹನ್ನೆರಡು ಸಂಪುಟಗಳ ‘ದಿನಕ್ಕೊಂದು ಕಥೆ’ಯನ್ನು ರಚಿಸಿದರು. ವರ್ಷದ ಪ್ರತಿದಿನಕ್ಕೂ ಒಂದು ಕಥೆ! ರಾತ್ರಿ ಮಲಗುವಾಗ ‘ಇನ್ನೊಂದು ಹೇಳು’ ಎಂದು ಮಕ್ಕಳು ಪೀಡಿಸುವ ಮನೆಯಲ್ಲಲ್ಲದೆ ಇಂಥ ಸಂಕಲ್ಪ ಹುಟ್ಟುವುದು ದುರ್ಲಭ.

ತಾಯಿಯಾದವಳಿಗೆ ಬೇಕಾದುದು ಪ್ರಶಂಸೆಯಲ್ಲ; ಸಂಜೆ ಒಂದು ತಾಸು ಕೂಸನ್ನು ಎತ್ತಿಕೊಳ್ಳುವ ಗಂಡ, ಅತ್ತೆ, ಮಾವ. ಅಧ್ಯಾಪಕರ ಪಾಲೂ ಇಲ್ಲಿದೆ. ಹಳೆಯ ವಿದ್ಯಾರ್ಥಿನಿ ಮಗುವಿನ ಕೈಹಿಡಿದು ಶಾಲೆಗೆ ಬಂದಾಗ ‘ಕೂಸು ಎಷ್ಟನೆಯ ತರಗತಿ?’ ಎಂದು ಎಲ್ಲರೂ ಕೇಳುವರು. ‘ಈಗ ಏನು ಬರೆಯುತ್ತಿರುವೆ, ತಾಯೀ?’ ಎಂದು ಒಬ್ಬರಾದರೂ ಕೇಳಲಿ.