ನೂರು ಟನ್ ಹಣ್ಣಿಗೆ ಒಂದು ಗ್ರಾಂ

ಕಳೆದ ಸೆಮಿಸ್ಟರ್ ರಜೆಯಲ್ಲಿ ವಿಜಯಪುರ ಜಿಲ್ಲೆಯ ನಮ್ಮೂರಿಗೆ ಹೋಗಿದ್ದೆ. ಕಾಕಾನ ದ್ರಾಕ್ಷಿ ತೋಟ ನೋಡಲು ರಫ್ತು ವ್ಯಾಪಾರಿಯೊಬ್ಬರು ಬಂದಿದ್ದರು. ಗೊಂಚಲು ಕಂಡು ಅವರಿಗೂ ಖುಷಿಯಾಯಿತು. ಆಮೇಲೆ ಕೇಳಿದರು: ‘ತೋಟ ನೋಂದಣಿ ಆಗಿದೆಯಾ? ಯಾವ ದಿನ ಯಾವ ಔಷಧ ಹೊಡೆದಿದ್ದೀರಿ, ಬರೆದಿಟ್ಟಿದ್ದೀರಾ?’

‘ಎಣ್ಣಿ ಅಂಗಡ್ಯಾಂವ ಕೊಟ್ಟದ್ದು ಹೊಡಿತೀವ್ರೀ, ಬರದ ಯಾರ ಇಡ್ತಾರ?’ ಎಂದರು ಕಾಕಾ. ವ್ಯಾಪಾರಿ ಚಹಾ ಕುಡಿದು ಹೊರಟುಹೋದರು. ಹಣ್ಣು ಕಡಿಮೆ ದರಕ್ಕೆ ಇಲ್ಲಿನ ಮಾರುಕಟ್ಟೆಗೇ ಹೋಯಿತು.

ಒಂದು ನೋಟ್‌ಬುಕ್ ಇಲ್ಲದಿದ್ದಕ್ಕೆ ಇಷ್ಟೊಂದು ನಷ್ಟವೇ ಎಂದು ಓದತೊಡಗಿದೆ. ಐರೋಪ್ಯ ಒಕ್ಕೂಟದಲ್ಲಿ ಯಾವ ಹಣ್ಣಿನಲ್ಲಿ ಯಾವ ಕೀಟನಾಶಕ ಎಷ್ಟು ಉಳಿದಿರಬಹುದು ಎಂಬುದಕ್ಕೆ ಗರಿಷ್ಠ ಮಿತಿಯ ಪಟ್ಟಿಯೇ ಇದೆ. ಪ್ರತ್ಯೇಕ ಮಿತಿ ನಿಗದಿಯಾಗದ ಔಷಧಕ್ಕೆ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ. ಲೆಕ್ಕ ಹಾಕಿದೆ. ಹತ್ತು ಟನ್ ಹೊರುವ ಹತ್ತು ಲಾರಿಗಳ ಹಣ್ಣಿನಲ್ಲಿ, ಒಟ್ಟು ಸೇರಿ ಒಂದು ಗ್ರಾಂ!

ಇದು ಆರೋಗ್ಯದ ಕಾಳಜಿಯೋ, ನಮ್ಮ ಹಣ್ಣನ್ನು ಹೊರಗಿಡುವ ಉಪಾಯವೋ? ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿದೆ. ಈ ಮಿತಿಯೆಂದರೆ ‘ಇದನ್ನು ದಾಟಿದರೆ ವಿಷ’ ಎಂಬ ಗೆರೆಯಲ್ಲ. ಔಷಧವನ್ನು ಸರಿಯಾಗಿ ಬಳಸಿದರೆ ಹಣ್ಣಿನಲ್ಲಿ ಎಷ್ಟು ಉಳಿಯಬಹುದು ಎಂಬ ಅಂದಾಜಿನ ಮೇಲೆ ಅದನ್ನು ನಿಗದಿಪಡಿಸುತ್ತಾರೆ. ಹಾಗಾಗಿ ಅಲ್ಲಿನ ರೈತರು ಬಳಸದ ಔಷಧಕ್ಕೆ ಮಿತಿ ತಳ ಮುಟ್ಟಿದರೆ, ನಮ್ಮ ರೈತ ಸಿಕ್ಕಿಬೀಳುತ್ತಾನೆ. ಆದರೆ ಕ್ಲೋರ್‌ಪೈರಿಫಾಸ್ ವಿಷಯ ಬೇರೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅಪಾಯ ತರಬಹುದೆಂಬ ಆತಂಕದಿಂದಲೇ ಐರೋಪ್ಯ ಒಕ್ಕೂಟ 2020ರಲ್ಲಿ ಅದರ ಅನುಮತಿ ನಿಲ್ಲಿಸಿತು. ಇದನ್ನು ಬರೀ ವ್ಯಾಪಾರದ ತಂತ್ರ ಎನ್ನಲಾಗದು.

ನಿಯಮ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 2010ರ ಉದಾಹರಣೆ ಇದೆ. ನಮ್ಮ ರಫ್ತು ದ್ರಾಕ್ಷಿಯ ಬಹುಪಾಲು ಮಹಾರಾಷ್ಟ್ರದ್ದು. ಅಲ್ಲಿನ ತೋಟಗಳಿಗೆ 2006ರಿಂದಲೇ ‘ಗ್ರೇಪ್‌ನೆಟ್’ ವ್ಯವಸ್ಥೆಯಿತ್ತು: ತೋಟಕ್ಕೊಂದು ನೋಂದಣಿ ಸಂಖ್ಯೆ, ರಫ್ತಿಗೆ ಮುಂಚೆ ಪ್ರಯೋಗಾಲಯದ ಪರೀಕ್ಷೆ. ಹಾಗಿದ್ದೂ ಯುರೋಪ್ ತಲುಪಿದ ಹಣ್ಣಿನಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಮಿತಿ ಮೀರಿ ಸಿಕ್ಕಿತು. ರೈತರು ಇದನ್ನು ಸಿಸಿಸಿ ಎನ್ನುತ್ತಾರೆ. ಅದು ಹುಳ ಕೊಲ್ಲುವ ಔಷಧವೇ ಅಲ್ಲ. ಏಪ್ರಿಲ್‌ನಲ್ಲಿ ಬಳ್ಳಿ ಸವರಿದ ಮೇಲೆ ಚಿಗುರಿನ ಓಟ ತಡೆಯಲು ಹೊಡೆಯುವಂಥದ್ದು. ಯುರೋಪಿನ ಪಟ್ಟಿಯಲ್ಲಿ ಅದಕ್ಕೆ ಕಿಲೋಗೆ 0.05 ಮಿಲಿಗ್ರಾಂ ಮಿತಿಯಿತ್ತು, ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಪಟ್ಟಿ ತಯಾರಿಸಿದ್ದು ಕಚೇರಿ, ಪೆಟ್ಟು ಬಿದ್ದದ್ದು ರಫ್ತುದಾರರಿಗೆ, ಅವರನ್ನು ನಂಬಿದ್ದ ರೈತರಿಗೆ. ಆಮೇಲೆ ಅದನ್ನೂ ಪರೀಕ್ಷೆಗೆ ಸೇರಿಸಿದರು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಮಿತಿ ನಿಗದಿಯಾಗದ ಕೀಟನಾಶಕಕ್ಕೆ ಹಣ್ಣಿನಲ್ಲಿ 0.01 ಮಿಲಿಗ್ರಾಂ ಎಂಬ ನಿಯಮ ನಮ್ಮ ದೇಶದಲ್ಲೂ ಇದೆ. ಕಾಗದದ ಮೇಲೆ ನಾವೇನೂ ಕಡಿಮೆಯಿಲ್ಲ. ವ್ಯತ್ಯಾಸ ಇರುವುದು ಪರೀಕ್ಷೆಯಲ್ಲಿ. ಹಡಗು ಹತ್ತುವ ದ್ರಾಕ್ಷಿಗೆ ತೋಟದ ಸಂಖ್ಯೆ, ಪ್ರಯೋಗಾಲಯದ ವರದಿ ಬೇಕು. ಸಂತೆಗೆ ಬರುವ ದ್ರಾಕ್ಷಿಗೆ ತಕ್ಕಡಿ ಇದ್ದರೆ ಸಾಕು. ಕಾಕಾನ ಹಣ್ಣನ್ನು ಯಾರೂ ಪರೀಕ್ಷಿಸಲಿಲ್ಲ. ಅದರಲ್ಲಿ ಏನಿತ್ತು, ಎಷ್ಟಿತ್ತು, ಕಾಕಾನಿಗೂ ಗೊತ್ತಿಲ್ಲ. ಹಾಗೇ ತಿಂದವರು ನಾವು.

ಹಾಗೆಂದು ತಪ್ಪನ್ನೆಲ್ಲ ರೈತನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಬ್ರಸೆಲ್ಸ್‌ನಲ್ಲಿ ಪಟ್ಟಿ ಬದಲಾದರೆ ನಮ್ಮೂರಿಗೆ ಆ ಸುದ್ದಿ ತರುವವರು ಯಾರು? ಕಾಕಾನಿಗೆ ಸಲಹೆ ಕೊಡುವವನೂ ಔಷಧ ಮಾರುವವನೂ ಒಬ್ಬನೇ. ಕೊನೆಯ ಸಿಂಪಡಣೆಯಾದ ಎಷ್ಟು ದಿನಕ್ಕೆ ಹಣ್ಣು ಕೀಳಬೇಕು ಎಂಬುದು ಡಬ್ಬದ ಚೀಟಿಯಲ್ಲಿ ಕನ್ನಡಕ ಹಾಕಿದರೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಬದಲಾದ ಮಿತಿಗಳನ್ನು ಸೀಸನ್‌ಗೆ ಮುಂಚೆ ಕನ್ನಡದಲ್ಲಿ ಮೊಬೈಲ್‌ಗೆ ಕಳಿಸುವುದು, ದ್ರಾಕ್ಷಿ ಬೆಳೆಯುವ ತಾಲ್ಲೂಕಿಗೊಂದು ಪರೀಕ್ಷಾ ಕೇಂದ್ರ ತೆರೆಯುವುದು ಅಸಾಧ್ಯವೇನಲ್ಲ. ರಸಾಯನಶಾಸ್ತ್ರ, ಕೃಷಿ, ಕಂಪ್ಯೂಟರ್ ಓದಿ ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಅಲ್ಲಿ ಕೆಲಸವೂ ಸಿಕ್ಕೀತು.

ಕಾಲೇಜಿಗೆ ಮರಳುವ ಮುನ್ನ ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಹಾಕಿಕೊಟ್ಟೆ: ದಿನಾಂಕ, ಔಷಧ, ಪ್ರಮಾಣ. ಕಾಕಾ ನಕ್ಕರು. ಮೊನ್ನೆ ಫೋನ್ ಮಾಡಿದಾಗ ತಾವಾಗಿಯೇ ಹೇಳಿದರು: ‘ನಾಕ್ ಪುಟ ಆಗ್ಯಾವ ನೋಡಪಾ.’